ಗುರುವಾರದವರೆಗೆ ಕಾದ ವೈಫೈ

ಬೆಳಗಿನ ಆರೂವರೆ. ಹರಿಹರಪುರದಿಂದ ಕೊಪ್ಪದ ಕಡೆಗೆ ಹೋಗುವ ಮೊದಲ ಬಸ್ಸು ಇನ್ನೂ ಬಂದಿಲ್ಲ. ರಸ್ತೆಬದಿಯ ಸಹಕಾರ ಸಂಘದ ಜಗಲಿಯಲ್ಲಿ ಭವ್ಯ ಏಣಿಯ ತುದಿಯಲ್ಲಿ ನಿಂತಿದ್ದಾರೆ. ದುಪಟ್ಟಾವನ್ನು ಸೊಂಟಕ್ಕೆ ಬಿಗಿದು, ಹಲ್ಲಿನಲ್ಲಿ ಒಂದು ಸ್ಕ್ರೂ ಕಚ್ಚಿಕೊಂಡು, ಮಾಡಿನ ತೊಲೆಗೆ ಡ್ರಿಲ್ ಹಿಡಿದಿದ್ದಾರೆ. ಕೆಳಗೆ ಸಂಘದ ಅಟೆಂಡರ್ ಗಿಡ್ಡಯ್ಯ ಎರಡೂ ಕೈಯಿಂದ ಏಣಿಯನ್ನು ಭದ್ರವಾಗಿ ಹಿಡಿದಿದ್ದಾರೆ, ಮುಖ ಮಾತ್ರ ಗೋಡೆಯ ಕಡೆಗೆ. ಏಣಿ ಹತ್ತಿದ ಹೆಣ್ಣುಮಗಳತ್ತ ತಲೆಯೆತ್ತಿ ನೋಡಬಾರದೆಂದು ಅವರು ಅಷ್ಟು ಹೊತ್ತಿನಿಂದ ಗೋಡೆಯ ಮೇಲಿನ ಗೊಬ್ಬರದ ಜಾಹೀರಾತನ್ನು ಓದುತ್ತಿದ್ದಾರೆ. ಮರದ ಹುಡಿ ತಲೆಯ ಮೇಲೆ ಉದುರಿದರೂ ಅಲುಗಿಲ್ಲ.

"ಗಿಡ್ಡಯ್ಯಣ್ಣ, ಇನ್ನೊಂದು ಸ್ಕ್ರೂ ಕೊಡಿ."

ಗಿಡ್ಡಯ್ಯ ಗೋಡೆ ನೋಡುತ್ತಲೇ ಕೈ ಮೇಲಕ್ಕೆ ಚಾಚುತ್ತಾರೆ. ಸ್ಕ್ರೂ ಒಂದು ದಿಕ್ಕಿಗೆ, ಭವ್ಯರ ಕೈ ಇನ್ನೊಂದು ದಿಕ್ಕಿಗೆ.

"ಸ್ವಲ್ಪ ಎಡಕ್ಕೆ. ಅಲ್ಲಲ್ಲ, ನನ್ನ ಎಡಕ್ಕೆ."

"ನಿನ್ನ ಎಡ ನಂಗೆ ಹೆಂಗೆ ಕಾಣ್ತದೆ ಮಾರಾಯ್ತಿ? ನಾನು ಈ ಕಡೆ ಯೂರಿಯಾ ನೋಡ್ತಿದೀನಿ."

ತೊಲೆಗೆ ಕೂರುತ್ತಿರುವುದು ಊಟದ ತಟ್ಟೆಯಷ್ಟು ಅಗಲದ ಒಂದು ಬಿಳಿ ಡಬ್ಬಿ. ಆಕ್ಸೆಸ್ ಪಾಯಿಂಟ್ ಎಂದು ಅದರ ಹೆಸರು. ಸುತ್ತಲಿನ ಫೋನುಗಳಿಗೆ ವೈಫೈ ಹಂಚುವುದು ಅದರ ಕೆಲಸ. ಊರವರು ಅದನ್ನು ವೈಫೈ ಡಬ್ಬಿ ಎಂದು ಕರೆದು ಮುಗಿಸಿದ್ದಾರೆ. ಡಬ್ಬಿಯಲ್ಲಿ ಸಣ್ಣ ನೀಲಿ ದೀಪ ಹೊತ್ತಿಕೊಂಡಾಗ ಭವ್ಯ ಇಳಿದು ಬರುತ್ತಾರೆ. ಗಿಡ್ಡಯ್ಯ ಆಗಷ್ಟೇ ತಲೆಯೆತ್ತಿ, ಡಬ್ಬಿಯನ್ನು ನೋಡಿ, ಹೆಗಲ ಮೇಲಿನ ಟವಲಿನಿಂದ ತಲೆ ಕೊಡವಿಕೊಳ್ಳುತ್ತಾರೆ. ಆಮೇಲೆ ಒಳಗೆ ಹೋಗಿ, ಫ್ಲಾಸ್ಕಿನಲ್ಲಿ ಮನೆಯಿಂದ ತಂದ ಕಾಫಿಯನ್ನು ಮೊದಲು ಭವ್ಯರಿಗೆ, ಆಮೇಲೆ ಅವರ ಬಗ್ಗೆ ಬರೆಯಲು ಬಂದ ನನಗೆ, ಉಳಿದ ಎರಡು ಗುಟುಕನ್ನು ತನಗೆ ಬಗ್ಗಿಸುತ್ತಾರೆ.

ಭವ್ಯ ಭಂಡಿಗಡಿಯವರು. ವಯಸ್ಸು ಮೂವತ್ತೆಂಟು. ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ಈ ಮೂರು ತಾಲ್ಲೂಕುಗಳ ನಲವತ್ತಕ್ಕೂ ಹೆಚ್ಚು ಕಡೆ, ಅಂದರೆ ಕ್ಲಿನಿಕ್ಕು, ಶಾಲೆ, ಹೋಂಸ್ಟೇ, ಸೊಸೈಟಿಗಳಲ್ಲಿ, ಗಾಳಿಯಲ್ಲಿ ಹರಿಯುವ ಇಂಟರ್‌ನೆಟ್ಟನ್ನು ಕಾಯುವವರು ಅವರೇ. ಫೋನನ್ನು ಎತ್ತಿ ಹಿಡಿದು "ಸಿಗ್ತಾ ಉಂಟು" ಎಂದು ಸಂತೋಷಪಡುವ ನಮಗೆ, ಅದನ್ನು ಸಿಗುವಂತೆ ಮಾಡಿದವರು ಯಾರು ಎಂಬ ಯೋಚನೆ ಬರುವುದಿಲ್ಲ. ಸಿಗದಿದ್ದಾಗ ಮಾತ್ರ ಅವರ ನಂಬರು ನೆನಪಾಗುತ್ತದೆ.

ಪಾಲಿಟೆಕ್ನಿಕ್‌ನಲ್ಲಿ ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ಮುಗಿಸಿದ ಮೇಲೆ ಅವರು ಕೊಪ್ಪದ ಒಂದು ಮೊಬೈಲ್ ಅಂಗಡಿಯಲ್ಲಿ ರೀಚಾರ್ಜ್ ಮಾಡಿಕೊಡುತ್ತಿದ್ದರು. ಒಂದು ಮಳೆಗಾಲ ಪಕ್ಕದ ಕ್ಲಿನಿಕ್ಕಿನ ಇಂಟರ್‌ನೆಟ್ ಕೆಟ್ಟಿತು. ಚಿಕ್ಕಮಗಳೂರಿನಿಂದ ಬರಬೇಕಾದವರು ಬರಲಿಲ್ಲ. "ಡಾಕ್ಟ್ರು ಕೊಡೆ ಹಿಡ್ಕೊಂಡು ಅಂಗಡಿಗೇ ಬಂದು, ನಿಂಗೆ ಗೊತ್ತಾಗ್ತದಾ ನೋಡಮ್ಮ ಅಂದ್ರು. ಗೊತ್ತಾಗ್ತದೆ ಅಂದೆ. ಗೊತ್ತಿರ್ಲಿಲ್ಲ," ಎನ್ನುತ್ತಾರೆ ಭವ್ಯ. "ಆದ್ರೆ ಅಲ್ಲಿ ಹೋಗಿ ನೋಡಿದ್ರೆ ಡಬ್ಬಿಯೊಳಗೆ ಹಲ್ಲಿ ಮೊಟ್ಟೆ ಇಟ್ಟಿತ್ತು. ಅದಕ್ಕೆ ಡಿಪ್ಲೊಮಾ ಬೇಕಾಗಿಲ್ಲ."

ಹಲ್ಲಿಗೆ ಬೆಚ್ಚಗಿನ ಜಾಗ ಬೇಕು, ಡಬ್ಬಿ ಸದಾ ಬೆಚ್ಚಗಿರುತ್ತದೆ. ಇರುವೆಗೂ ಅಷ್ಟೆ. ಮಂಗಗಳಿಗೆ ಕೇಬಲ್ಲು ಜೋತಾಡಲು ಬೇಕು. ಮೇ ತಿಂಗಳ ಸಿಡಿಲಿಗೆ ಏನು ಬೇಕೋ ತಿಳಿಯದು, ವರ್ಷಕ್ಕೆ ಎಂಟೊಂಬತ್ತು ಡಬ್ಬಿಗಳನ್ನು ಸುಟ್ಟುಹಾಕುತ್ತದೆ. ದಿನಕ್ಕೆ ಅರುವತ್ತು ಎಪ್ಪತ್ತು ಕಿಲೋಮೀಟರ್ ಸ್ಕೂಟರಿನಲ್ಲಿ ತಿರುಗುವ ಭವ್ಯರಿಗೆ ಹೋದಲ್ಲೆಲ್ಲ ವೈಫೈ ಜೊತೆಗೆ ಮಿಕ್ಸಿ, ಟಿವಿ ರಿಮೋಟು, ಒಮ್ಮೆ ಒಬ್ಬರ ಹಲ್ಲುಸೆಟ್ಟಿನ ಡಬ್ಬದ ಮುಚ್ಚಳವನ್ನೂ ಸರಿ ಮಾಡಿಕೊಡುವ ಕೆಲಸ ಬಂದಿದೆ. ಇಲ್ಲ ಎಂದದ್ದಿಲ್ಲ. ಅವರ ಅತ್ತೆ ಶೇಷಮ್ಮನವರನ್ನು ಸೊಸೆಯ ಕೆಲಸವೇನೆಂದು ಕೇಳಿದೆ. "ಗಾಳಿಯಲ್ಲಿ ಎಂತದೋ ಕಟ್ತಾಳೆ ಅಮ್ಮ. ಕಟ್ಟಿದ್ದು ಕಾಣದಿಲ್ಲ, ಬಿಚ್ಚಿದ್ರೆ ಮಾತ್ರ ಎಲ್ರಿಗೂ ಗೊತ್ತಾಗ್ತದೆ," ಎಂದರು.

ಈ ಸಂಘದ ಕತೆಗೆ ಬರೋಣ. ಹೆಸರು ಬರೆದರೆ ನಾಳೆಯಿಂದ ಇನ್ನಷ್ಟು ಜನ ಬಂದು ಜಗಲಿಯಲ್ಲಿ ಕೂರುತ್ತಾರೆಂದು ಕಾರ್ಯದರ್ಶಿ ಯಜ್ಞೇಶ ಕೈಮುಗಿದದ್ದರಿಂದ ಹೆಸರು ಬೇಡ. ಗುರುವಾರ ಗುರುವಾರ ಇಲ್ಲಿ ಅಡಿಕೆ ಟೆಂಡರ್ ನಡೆಯುತ್ತದೆ, ಅಂದರೆ ವ್ಯಾಪಾರಿಗಳು ದರ ಬರೆದುಕೊಟ್ಟು ಬೆಳೆಗಾರರ ಅಡಿಕೆ ಕೊಳ್ಳುತ್ತಾರೆ. ಅಂಗಳದಲ್ಲಿ ಮೂಟೆಗಳ ತೂಕವಾದ ಕೂಡಲೇ ಲೆಕ್ಕ ಟ್ಯಾಬ್‌ಗಳ ಮೂಲಕ ಆಫೀಸಿನ ಕಂಪ್ಯೂಟರಿಗೆ ಹೋಗಬೇಕು. ಹೋಗುವ ದಾರಿ ವೈಫೈ. ಆ ದಾರಿಯಲ್ಲಿ ಊರಿಗೆ ಊರೇ ನಡೆಯುತ್ತಿತ್ತು.

ಕಾರಣ ಗಿಡ್ಡಯ್ಯ. ಅವರಿಗೆ ಇಲ್ಲ ಎನ್ನಲು ಬಾರದು. ಬಸ್ಸಿಗೆ ಕಾಯುವ ಕಾಲೇಜು ಹುಡುಗಿಯರು ಕೇಳಿದರು, ಪಾಸ್‌ವರ್ಡ್ ಹೇಳಿದರು. ಗೂಡ್ಸ್ ಆಟೋದವರು ಕೇಳಿದರು, ಹೇಳಿದರು. ಗೇಟಿನ ಬದಿಯಲ್ಲಿ ಹೂವು ಮಾರುವ ರಾಧಮ್ಮ ನಿನ್ನೆ ತಪ್ಪಿಹೋದ ಧಾರಾವಾಹಿಯನ್ನು ನೋಡಬೇಕೆಂದರು, ಹೇಳಿದ್ದಷ್ಟೇ ಅಲ್ಲ, ಒತ್ತಿಯೂ ಕೊಟ್ಟರು. ಯಜ್ಞೇಶ ಪಾಸ್‌ವರ್ಡ್ ಬದಲಾಯಿಸಿದರು, ಸಂಜೆಯೊಳಗೆ ಅದೂ ಊರಿಗೆ ಗೊತ್ತಾಯಿತು. ಇಂಗ್ಲಿಷ್ ಅಕ್ಷರ, ಅಂಕಿ, ನಕ್ಷತ್ರ ಎಲ್ಲ ಬೆರೆಸಿ ಯಾರ ನಾಲಿಗೆಯಲ್ಲೂ ಹೊರಳದ ಪಾಸ್‌ವರ್ಡ್ ಇಟ್ಟರು. ಗಿಡ್ಡಯ್ಯ ಅದನ್ನು ಹೇಳಲಾಗದೆ ನೊಂದುಕೊಂಡು, ಆಫೀಸಿನ ಫೋನಿನಲ್ಲಿ ಬರುವ ಚೌಕದ ಚಿತ್ರವನ್ನು ತೋರಿಸತೊಡಗಿದರು. ಅದಕ್ಕೆ ಕ್ಯಾಮೆರಾ ಹಿಡಿದರೆ ಆಯಿತು, ನಾಲಿಗೆಯೇ ಬೇಡ.

"ಕೇಳಿದವ್ರಿಗೆ ಇಲ್ಲ ಅನ್ನದು ಹೆಂಗೆ ಅಮ್ಮ?" ಎಂದು ಅವರು ನನ್ನನ್ನೇ ಕೇಳುತ್ತಾರೆ. "ಬಾವಿ ನೀರು ಕೇಳಿದ್ರೆ ಕೊಡದಿಲ್ವಾ? ಇದು ಖಾಲಿನೂ ಆಗದಿಲ್ಲ ಅಂತ ನಾ ತಿಳ್ಕಂಡಿದ್ದೆ."

ಖಾಲಿಯಾಗುತ್ತದೆ ಎಂದು ಒಂದು ಗುರುವಾರ ಗೊತ್ತಾಯಿತು. ಜಗಲಿಯ ತುಂಬ ಜನ ಕ್ರಿಕೆಟ್ ನೋಡುತ್ತಿದ್ದರು. ಅಂಗಳದ ಟ್ಯಾಬ್‌ಗಳು ನಿಂತುಹೋದವು. ಟೆಂಡರ್ ಸಂಜೆಯವರೆಗೆ ತೆವಳಿತು. ವ್ಯಾಪಾರಿಗಳು ಮುಖ ಊದಿಸಿಕೊಂಡು ಹೋದರು. ಮರುದಿನವೇ ಸಂಘದ ಬೋರ್ಡ್ ತೀರ್ಮಾನ ಮಾಡಿತು. ಇನ್ನೊಂದು ಟೆಂಡರ್ ಹೀಗೆ ಕೆಟ್ಟರೆ ಗಿಡ್ಡಯ್ಯನಿಗೆ ಬೇಗಾರ್ ಕಡೆಯ ಗೊಬ್ಬರದ ಗೋಡೌನಿಗೆ ವರ್ಗ.

ಗಿಡ್ಡಯ್ಯನ ಮನೆ ಸಂಘದ ಹಿಂದಿನ ಇಳಿಜಾರಿನಲ್ಲಿದೆ. ನಿವೃತ್ತಿಗೆ ಇನ್ನು ಮೂರು ವರ್ಷ. ಹೆಂಡತಿಗೆ ಮಂಡಿನೋವು, ಮಧ್ಯಾಹ್ನ ಮನೆಗೆ ಹೋಗಿ ಒಲೆಯಿಂದ ಅನ್ನ ಇಳಿಸಿಕೊಡುವವರು ಇವರೇ. ಬೇಗಾರಿಗೆ ಹೋದರೆ ಎರಡು ಬಸ್ಸು ಬದಲಿಸಿ ಮನೆ ಮುಟ್ಟುವಾಗ ಕತ್ತಲಾಗುತ್ತದೆ. ಆದರೆ ಅವರು ಹೇಳುವ ಸಂಕಟ ಬೇರೆ. "ಅಲ್ಲಿ ಎಂತ ಉಂಟು ಅಮ್ಮ? ಮೂಟೆ. ಒಂದು ಜನ ಬರದಿಲ್ಲ, ಎಂತದೂ ಕೇಳದಿಲ್ಲ."

ಭವ್ಯರಿಗೆ ಈ ವಿಷಯ ಮುಟ್ಟಿಸಿದವರು ರಾಧಮ್ಮ. ಹೂವು ಕಟ್ಟುತ್ತಾ, "ನಮ್ಮ ಧಾರಾವಾಹಿಯಿಂದ ಆ ಮನುಷ್ಯಂಗೆ ವನವಾಸ ಬಂತು, ಎಂತಾದ್ರೂ ಮಾಡು," ಎಂದರಂತೆ. ಭವ್ಯ ಸಂಘಕ್ಕೆ ತಾವಾಗಿಯೇ ಹೋಗಿ, ಪಾಸ್‌ವರ್ಡೇ ಇಲ್ಲದ ವೈಫೈ ಮಾಡಿಕೊಡುತ್ತೇನೆ ಎಂದರು. ಅಧ್ಯಕ್ಷ ಪರಮೇಶ್ವರಯ್ಯನವರು ಹೌಹಾರಿದರು. ಎಪ್ಪತ್ತು ದಾಟಿದ ಅವರು ಪಂಚಾಂಗ ನೋಡದೆ ಉಗುರನ್ನೂ ಕತ್ತರಿಸುವವರಲ್ಲ.

"ಇದ್ದ ಬೀಗವನ್ನೂ ತೆಗೀತೀಯನೇ ಕೂಸೇ?"

"ಬೀಗ ಇರ್ತದೆ ಪ್ರೆಸಿಡೆಂಟ್ರೇ, ಹೇಳಿಕೊಡೋಕೆ ಆಗೋ ಕೀ ಇರದಿಲ್ಲ. ನಿಮ್ಮನೆ ನಾಯಿಗೆ ನಿಮ್ಮ ಗುರುತು ಹೆಂಗೆ ಸಿಗ್ತದೆ? ನೀವೇನು ಗುಟ್ಟಿನ ಮಾತು ಹೇಳ್ತೀರಾ?"

"ವಾಸನೆ ಹಿಡೀತದೆ."

"ಹಂಗೇ ಇದು. ಆಫೀಸಿನ ಕಂಪ್ಯೂಟರ್ರಲ್ಲಿ ಒಂದೊಂದು ಟ್ಯಾಬಿಗೆ, ಒಂದೊಂದು ಫೋನಿಗೆ ಬೇರೆ ಬೇರೆ ಸರ್ಟಿಫಿಕೇಟ್, ಗುರುತಿನ ಚೀಟಿ ಥರದ್ದು, ಮಾಡಿ ಒಳಗೆ ಕೂರಿಸ್ತೀನಿ. ಡಬ್ಬಿ ಅದನ್ನ ಮೂಸಿ ನೋಡಿ ಕಂಪ್ಯೂಟರನ್ನ ಕೇಳ್ತದೆ, ಇದು ನಮ್ಮವ್ರದ್ದಾ ಅಂತ. ಹೌದು ಅಂದ್ರೆ ಒಳಗೆ. ಗಿಡ್ಡಯ್ಯಣ್ಣ ಮನಸ್ಸು ಮಾಡಿದ್ರೂ ವಾಸನೆ ಸಾಲ ಕೊಡೋಕಾಗದಿಲ್ಲ."

ಪರಮೇಶ್ವರಯ್ಯ, "ಅಂದ್ರೆ ಸಂಘಕ್ಕೆ ಕಾಣದ ನಾಯಿ ಒಂದು ಕಟ್ತೀಯ ಅನ್ನು," ಎಂದರು. ಒಪ್ಪಿಗೆ ಸಿಕ್ಕಿತು.

ಈ ವಿದ್ಯೆಯನ್ನು ಭವ್ಯ ರಾತ್ರಿಯ ವಿಡಿಯೋಗಳಿಂದ ಕಲಿತದ್ದು. ಮೊದಲ ಪ್ರಯೋಗ ಸ್ವಂತ ಮನೆಯಲ್ಲೇ ನಡೆಯಿತು. ಎರಡು ದಿನ ಗಂಡ ಪ್ರದೀಪನ ಫೋನು ಹೊರಗೆ, ಶೇಷಮ್ಮನ ಫೋನು ಒಳಗೆ. ಮೂರನೆಯ ದಿನ ಭವ್ಯರೇ ಹೊರಗೆ. "ನನ್ನನ್ನೇ ನನ್ನ ಮನೆ ಡಬ್ಬಿ ಗುರುತಿಸ್ಲಿಲ್ಲ. ಅತ್ತೆ ಮಾತ್ರ ಪುರಾಣ ಕೇಳ್ತಾ ಕೂತಿದ್ರು," ಎಂದು ನಗುತ್ತಾರೆ.

ಹೀಗಾಗಿ ಈ ಮಂಗಳವಾರ ಬೆಳಿಗ್ಗೆ ಅವರು ಜಗಲಿಯ ಏಣಿಯ ಮೇಲಿರುವುದು. ಆಫೀಸಿನ ಕಂಪ್ಯೂಟರಿನಲ್ಲಿ ಆಗಬೇಕಾದ ಸರ್ವರಿನ ಕೆಲಸ ಹಿಂದಿನ ದಿನವೇ ಆಗಿದೆ. ಇನ್ನು ಉಳಿದದ್ದು ಟ್ಯಾಬ್‌ಗಳಿಗೂ ಸಿಬ್ಬಂದಿಯ ಫೋನುಗಳಿಗೂ ಒಂದೊಂದು ಸರ್ಟಿಫಿಕೇಟ್ ಮಾಡಿ ಕೂರಿಸುವುದು. ಗಿಡ್ಡಯ್ಯನ ಫೋನಿಗೆ ಇಲ್ಲ. ಬೋರ್ಡಿನ ಅಪ್ಪಣೆ.

ಹನ್ನೊಂದು ಗಂಟೆಗೆ ಪರಮೇಶ್ವರಯ್ಯ ಬರುತ್ತಾರೆ. ನೀಲಿ ದೀಪವನ್ನು ನೋಡಿ ಮೆಚ್ಚುತ್ತಾರೆ. ಆಮೇಲೆ ಕ್ಯಾಲೆಂಡರ್ ಕಡೆ ನೋಡಿ ಅವರ ಮುಖ ಇಳಿಯುತ್ತದೆ.

"ಇವತ್ತು ಮಂಗಳವಾರ ಅಲ್ವನೇ? ಮಂಗಳವಾರ ಹೊಸತು ಎಂತದೂ ಶುರು ಮಾಡೂದಿಲ್ಲ. ಗುರುವಾರ ಬೆಳಗ್ಗೆ ಒಂಬತ್ತೂ ಇಪ್ಪತ್ತಕ್ಕೆ ಚೊಲೋ ಮುಹೂರ್ತ ಉಂಟು. ಅವಾಗ ಮಾಡು."

"ಗುರುವಾರ ಬೆಳಗ್ಗೆಯೇ ಟೆಂಡರ್ ಪ್ರೆಸಿಡೆಂಟ್ರೇ. ಒಂದು ದಿನ ಮೊದಲೇ ಆಗಿ, ನೋಡಿ, ತಪ್ಪಿದ್ರೆ ತಿದ್ದಬೇಕು. ನಾಳೆ ನಂಗೆ ನರಸಿಂಹರಾಜಪುರದ ಶಾಲೆಯಲ್ಲಿ ಕೆಲಸ. ಇವತ್ತೇ ಮುಗಿಸ್ಬೇಕು."

ಹಿರಿಯರು "ಹಂಗಾದ್ರೆ ಮಾಡು," ಎಂದು ಮೆಲ್ಲಗೆ ಮೆಟ್ಟಿಲಿಳಿದು ಹೋದರು. ಅವರು ಜಗಳವಾಡಿದ್ದರೆ ಯಾರಿಗೂ ಏನೂ ಅನಿಸುತ್ತಿರಲಿಲ್ಲ. ಮೆಲ್ಲಗೆ ಇಳಿದು ಹೋದದ್ದು ಆಫೀಸಿನಲ್ಲಿದ್ದ ಎಲ್ಲರನ್ನೂ ಚುಚ್ಚಿತು. ಯಜ್ಞೇಶ ಊಟಕ್ಕೂ ಏಳಲಿಲ್ಲ. ಹಿಂದಿನ ಕಟ್ಟೆಯ ಮೇಲೆ ಗಿಡ್ಡಯ್ಯ ತನ್ನ ಬುತ್ತಿಯ ಉಪ್ಪಿನಕಾಯಿಯನ್ನು ಭವ್ಯರ ತಟ್ಟೆಗೂ ನನ್ನ ತಟ್ಟೆಗೂ ಬಡಿಸುವಾಗ, ಕಾರ್ಯದರ್ಶಿಗಳು ಒಳಗೆ ಒಬ್ಬರೇ ಕಂಪ್ಯೂಟರಿನ ಮುಂದೆ ಕುಳಿತಿದ್ದರು.

ಮಧ್ಯಾಹ್ನದ ಮೇಲೆ ಭವ್ಯ ಸರ್ಟಿಫಿಕೇಟುಗಳನ್ನು ಒಂದೊಂದಾಗಿ ಮಾಡಿ ಕೂರಿಸುತ್ತಾರೆ. ಸಂಜೆಯೊಳಗೆ ಎಲ್ಲ ಟ್ಯಾಬ್‌ಗಳೂ ಹಿಡಿಯುತ್ತವೆ. ಜಗಲಿಯಲ್ಲಿ ಮೂರು ಜನ ಹಳೆಯ ಪಾಸ್‌ವರ್ಡ್ ಹಾಕಿ ನೋಡಿ, ಹೊಸತು ಹಾಕಿ ನೋಡಿ, ಕೊನೆಗೆ ಫೋನನ್ನೇ ಕುಟ್ಟಿ ನೋಡಿ, ಬಸ್ಸು ಹತ್ತಿ ಹೋಗುತ್ತಾರೆ. ಭವ್ಯ ಸ್ಕೂಟರ್ ಹತ್ತುತ್ತಾರೆ. ಎಲ್ಲ ಸರಿಯಾಗಿದೆ.

ಬುಧವಾರ ಬೆಳಿಗ್ಗೆ ಒಂದೂ ಹಿಡಿಯುವುದಿಲ್ಲ.

ಟ್ಯಾಬ್ ಇಲ್ಲ, ಫೋನಿಲ್ಲ. ಡಬ್ಬಿಯ ನೀಲಿ ದೀಪ ಮಾತ್ರ ಏನೂ ಆಗದವರಂತೆ ಉರಿಯುತ್ತಿದೆ. ಭವ್ಯ ಕಟ್ಟಿದ ಕಾಣದ ನಾಯಿ ಮನೆಯವರನ್ನೇ ಒಳಗೆ ಬಿಡುತ್ತಿಲ್ಲ. ನಾಳೆ ಟೆಂಡರ್. ಸುದ್ದಿ ತಿಳಿದ ಇಬ್ಬರು ನಿರ್ದೇಶಕರು ಬೈಕಿನಲ್ಲಿ ಬಂದು ಇಳಿಯುತ್ತಾರೆ. ಬಂದವರು ಡಬ್ಬಿಯನ್ನು ನೋಡಲಿಲ್ಲ, ಗಿಡ್ಡಯ್ಯನನ್ನು ನೋಡಿದರು.

"ನೀನು ಮುಟ್ಟಿದ್ಯಾ?"

"ಮುಟ್ಟಿದ್ದು ಹೌದು," ಎಂದರು ಗಿಡ್ಡಯ್ಯ. ಸುಳ್ಳು ಹೇಳುವುದೂ ಅವರಿಗೆ ಬಾರದು. "ಬೆಳಗ್ಗೆ ಏಣಿ ಇಟ್ಟು ಒದ್ದೆ ಬಟ್ಟೇಲಿ ಒರೆಸ್ದೆ. ಹೊಸ ಡಬ್ಬಿ, ಜೇಡ ಕಟ್ಟಬಾರ್ದು ಅಂತ."

ಅಷ್ಟು ಸಾಕಾಯಿತು. ನೀರು ಹೋಗಿರಬೇಕು ಎಂದರು ಒಬ್ಬರು. ಯಾರಿಗೋ ಕೊಡಲು ಹೋಗಿ ಏನೋ ಒತ್ತಿರಬೇಕು ಎಂದರು ಇನ್ನೊಬ್ಬರು. ಸಂಜೆ ನಾಲ್ಕಕ್ಕೆ ಬೋರ್ಡ್ ಸೇರುವುದೆಂದೂ ವರ್ಗದ ಮಾತು ಅಲ್ಲೇ ಮುಗಿಸುವುದೆಂದೂ ಆಯಿತು. ಯಜ್ಞೇಶ ಮುಖ ಬಿಳಿಚಿಕೊಂಡು ಕುಳಿತಿದ್ದರು. ನರಸಿಂಹರಾಜಪುರದ ಶಾಲೆಯಲ್ಲಿದ್ದ ಭವ್ಯರಿಗೆ ಫೋನು ಮಾಡಿದವರು ಅವರೇ.

ಗಿಡ್ಡಯ್ಯ ಆ ಮಧ್ಯಾಹ್ನ ಎಲ್ಲರಿಗೂ ಎಂದಿನಂತೆ ಚಹಾ ಕೊಟ್ಟರು, ನಿರ್ದೇಶಕರಿಗೆ ಸಕ್ಕರೆ ಕಡಿಮೆ ಎಂಬುದನ್ನೂ ಮರೆಯಲಿಲ್ಲ. ರಾಧಮ್ಮ ಗೇಟಿನಿಂದ ಒಂದು ಮೊಳ ಮಲ್ಲಿಗೆ ಕಳಿಸಿದರು, ಸಂಘದ ದೇವರ ಪಟಕ್ಕೆ. "ದುಡ್ಡು ಬೇಡ ಅನ್ನಿ. ಆ ಡಬ್ಬಿಗೂ ಒಂದು ಎಸಳು ಸಿಕ್ಕಿಸಿ, ಎಂತದಕ್ಕೆ ಸಿಟ್ಟಾಗಿದೆಯೋ."

ಮೂರೂವರೆಗೆ ಭವ್ಯ ಬರುತ್ತಾರೆ. ಹೆಲ್ಮೆಟ್ಟನ್ನು ತೆಗೆಯದೆಯೇ ಕಂಪ್ಯೂಟರಿನ ಮುಂದೆ ಕೂರುತ್ತಾರೆ. ಡಬ್ಬಿಗೆ ನೀರು ಹೋಗಿಲ್ಲ. ಕೇಬಲ್ ಸರಿ ಇದೆ. ಕಂಪ್ಯೂಟರ್ ಎಲ್ಲರನ್ನೂ ಬೇಡ ಬೇಡ ಎಂದು ತಿರುಗಿಸಿ ಕಳಿಸುತ್ತಿದೆ. ಒಂದು ಸರ್ಟಿಫಿಕೇಟನ್ನು ತೆರೆದು ಓದುತ್ತಾರೆ. ಮತ್ತೊಂದು. ಮೂರನೆಯದಕ್ಕೆ ಹೆಲ್ಮೆಟ್ ತೆಗೆದು ಮೇಜಿನ ಮೇಲಿಡುತ್ತಾರೆ. ಸರ್ಟಿಫಿಕೇಟಿಗೆ ಇಂಥ ದಿನದಿಂದ ಇಂಥ ದಿನದವರೆಗೆ ಎಂದು ಆಯುಸ್ಸು ಇರುತ್ತದೆ. ಇವು ಯಾವುದಕ್ಕೂ ಆಯುಸ್ಸು ಇನ್ನೂ ಶುರುವೇ ಆಗಿಲ್ಲ. ಶುರುವಾಗುವುದು ನಾಳೆ, ಗುರುವಾರ, ಬೆಳಿಗ್ಗೆ ಒಂಬತ್ತೂ ಇಪ್ಪತ್ತರ ಮೇಲೆ.

ಭವ್ಯ ಮೆಲ್ಲಗೆ ಕುರ್ಚಿ ತಿರುಗಿಸಿ ಕಾರ್ಯದರ್ಶಿಗಳನ್ನು ನೋಡುತ್ತಾರೆ. "ಯಜ್ಞೇಶಣ್ಣ, ಕಂಪ್ಯೂಟರಿನ ತಾರೀಕು ಮುಟ್ಟಿದ್ರಾ?"

ಯಜ್ಞೇಶ ಬಾಗಿಲು ನೋಡಿ, ಕ್ಯಾಲೆಂಡರ್ ನೋಡಿ, ಕೊನೆಗೆ ತನ್ನ ಕೈ ನೋಡಿಕೊಂಡರು. "ಪ್ರೆಸಿಡೆಂಟ್ರ ಮನಸ್ಸು ನೋಯೋದು ಬೇಡ ಅಂತ. ನೀನು ಊಟಕ್ಕೆ ಹೋದಾಗ ಕಂಪ್ಯೂಟರಿಗೆ ಗುರುವಾರ ಮಾಡಿಟ್ಟೆ. ಸರ್ಟಿಫಿಕೇಟಿನ ಮೇಲೆ ಗುರುವಾರ ಅಂತ ಬರ್ತದಲ್ಲ, ನಾಳೆ ತೋರಿಸಿದ್ರೆ ಅವರಿಗೂ ಸಮಾಧಾನ, ನಿಂಗೂ ಇನ್ನೊಂದು ಸಲ ಬರೋ ತಾಪತ್ರಯ ಇಲ್ಲ. ಸಾಯಂಕಾಲ ಬಿಲ್ಲಿನ ತಾರೀಕು ತಪ್ಪಬಾರ್ದು ಅಂತ ವಾಪಸ್ ಮಂಗಳವಾರ ಮಾಡಿದೆ."

ನಿನ್ನೆ ಕಂಪ್ಯೂಟರಿಗೆ ಗುರುವಾರವೇ ಆಗಿದ್ದರಿಂದ ಎಲ್ಲವೂ ಹಿಡಿದಿತ್ತು. ತಾರೀಕು ಹಿಂದೆ ಬಂದೊಡನೆ ಎಲ್ಲವೂ ನಿಂತಿತು. ಭವ್ಯ ತುಟಿ ಕಚ್ಚಿ ನಗು ತಡೆದುಕೊಂಡರು. ಗೋಡೆಯ ಆಚೆ ಬೋರ್ಡಿನ ಕೋಣೆಯಲ್ಲಿ ಕುರ್ಚಿಗಳನ್ನು ಎಳೆಯುವ ಸದ್ದು ಕೇಳುತ್ತಿತ್ತು. ಗಿಡ್ಡಯ್ಯನೇ ಎಳೆದು ಜೋಡಿಸುತ್ತಿದ್ದರು, ತನ್ನ ವರ್ಗದ ಸಭೆಗೆ.

"ಒಳಗೆ ಎಂತ ಹೇಳದು ಅಣ್ಣ?" ಎಂದರು ಭವ್ಯ. "ನೀವು ಹೇಳ್ತೀರೋ, ಕಂಪ್ಯೂಟರ್ ಕೆಟ್ಟಿತ್ತು ಅಂತ ನಾನೇ ಹೇಳ್ಲೋ?"

ಯಜ್ಞೇಶ ಅಂಗಿಯ ಕಾಲರ್ ಸರಿಮಾಡಿಕೊಂಡು ಎದ್ದರು. "ಗಿಡ್ಡಯ್ಯನ ಹೆಸರು ಹೇಳ್ತಿದಾರಲ್ಲ. ನಾನೇ ಹೇಳ್ತೀನಿ."

ಸಭೆಯಲ್ಲಿ ಅವರು ನಿಂತುಕೊಂಡೇ ಎಲ್ಲವನ್ನೂ ಹೇಳಿದರು. ಪರಮೇಶ್ವರಯ್ಯ ಕಣ್ಣು ಮುಚ್ಚಿ ಕೇಳಿಸಿಕೊಂಡರು. ಆಮೇಲೆ ಒಂದು ಪ್ರಶ್ನೆ ಕೇಳಿದರು.

"ಎಷ್ಟು ಗಂಟೆಗೆ ಇಟ್ಟಿದ್ದೆ?"

"ಒಂಬತ್ತೂ ಇಪ್ಪತ್ತಕ್ಕೆ."

"ಹಂಗಾದ್ರೆ ಸರಿಯಾಗೇ ಇಟ್ಟಿದ್ದೀಯಲ್ಲ ಮಾರಾಯ."

ಭವ್ಯ, ಹಳೆಯವನ್ನು ಅಳಿಸಿ ಈಗಲೇ ಹೊಸತು ಮಾಡಿಕೊಡುತ್ತೇನೆ, ಒಂದು ಗಂಟೆ ಸಾಕು ಎಂದರು. ಅಧ್ಯಕ್ಷರು ಕೈಯೆತ್ತಿ ತಡೆದರು. "ಎಂತಕ್ಕೆ? ತನ್ನಷ್ಟಕ್ಕೆ ಮುಹೂರ್ತಕ್ಕೆ ಕಾಯ್ತಾ ಕೂತ ಯಂತ್ರ ನಾನು ಇದೇ ಮೊದಲು ನೋಡಿದ್ದು. ಅದಕ್ಕೆ ತೊಂದರೆ ಕೊಡಬೇಡ."

ನಿರ್ದೇಶಕರಿಬ್ಬರು ಅಷ್ಟು ಸುಲಭಕ್ಕೆ ಒಪ್ಪಲಿಲ್ಲ. ಒರೆಸಿದ್ದರಿಂದ ಕೆಟ್ಟಿಲ್ಲ ಎಂಬುದಕ್ಕೆ ಏನು ಗ್ಯಾರಂಟಿ? ನಾಳೆ ಒಂಬತ್ತೂ ಇಪ್ಪತ್ತಕ್ಕೆ ಹಿಡಿದರೆ ಸರಿ, ಇಲ್ಲವಾದರೆ ಹಿಂದಿನ ತೀರ್ಮಾನವೇ ಗಟ್ಟಿ. ಹಾಗೆಂದು ಏಳುವಾಗ ಒಬ್ಬರು ಗಿಡ್ಡಯ್ಯನ ಕೈಯಿಂದ ಚಹಾದ ಲೋಟ ತೆಗೆದುಕೊಂಡು, ಮುಖ ನೋಡದೆ, "ಸಕ್ಕರೆ ಸಮ ಉಂಟು," ಎಂದರು.

ಗುರುವಾರ. ಅಂಗಳದಲ್ಲಿ ಮೂಟೆಗಳು, ಬೆಳೆಗಾರರು, ವ್ಯಾಪಾರಿಗಳು. ಒಂಬತ್ತು ಗಂಟೆಗೇ ತೂಕದ ಯಂತ್ರದ ಪಕ್ಕದಲ್ಲಿ ಟ್ಯಾಬ್ ಹಿಡಿದವರು ಸಾಲಾಗಿ ನಿಂತಿದ್ದಾರೆ. ಟ್ಯಾಬ್ ತೆರೆಯುವುದು, ಹಿಡಿಯದೇ ಇರುವುದು, ಮುಚ್ಚುವುದು. ನರಸಿಂಹರಾಜಪುರದ ಶಾಲೆಗೆ ಮಧ್ಯಾಹ್ನ ಬರುತ್ತೇನೆಂದು ಹೇಳಿ ಭವ್ಯ ಇಲ್ಲೇ ಇದ್ದಾರೆ. ಗಿಡ್ಡಯ್ಯ ಕಂಬಕ್ಕೆ ಒರಗಿ, ಮೊನ್ನೆಯ ಹಾಗೆಯೇ, ಡಬ್ಬಿಯ ಕಡೆ ನೋಡದೆ ಗೋಡೆ ನೋಡುತ್ತಿದ್ದಾರೆ.

"ನೋಡ್ಬೌದು ಗಿಡ್ಡಯ್ಯಣ್ಣ, ಏಣಿ ಮೇಲೆ ನಾನಿಲ್ಲ," ಎನ್ನುತ್ತಾರೆ ಭವ್ಯ.

"ಬೇಡ. ನಾ ನೋಡಿದ್ರೆ ಅದಕ್ಕೆ ಎಂತಾದ್ರೂ ಆದೀತು."

ವ್ಯಾಪಾರಿಯೊಬ್ಬರು ಯಾಕೆ ತಡವೆಂದು ಕೇಳುತ್ತಾರೆ. ಪರಮೇಶ್ವರಯ್ಯ ಗಡಿಯಾರ ತೋರಿಸಿ, "ಇನ್ನು ನಾಲ್ಕು ನಿಮಿಷ, ವೈಫೈಗೆ ರಾಹುಕಾಲ," ಎನ್ನುತ್ತಾರೆ. ಆ ಹೊತ್ತಿಗೆ ರಾಹುಕಾಲವೇನೂ ಇರಲಿಲ್ಲ, ಆದರೆ ವ್ಯಾಪಾರಿಗೆ ಅರ್ಥವಾಯಿತು.

ಒಂಬತ್ತೂ ಇಪ್ಪತ್ತಾಗುತ್ತದೆ. ಯಾವುದೂ ಹಿಡಿಯುವುದಿಲ್ಲ. ನಿರ್ದೇಶಕರಿಬ್ಬರು ಒಬ್ಬರ ಮುಖ ಒಬ್ಬರು ನೋಡಿಕೊಳ್ಳುತ್ತಾರೆ. ಗಿಡ್ಡಯ್ಯ ಟವಲನ್ನು ಹೆಗಲಿನಿಂದ ತೆಗೆದು ಮಡಚತೊಡಗುತ್ತಾರೆ, ಎಲ್ಲಿಗೋ ಹೊರಟವರ ಹಾಗೆ. ಭವ್ಯ ಮಾತ್ರ ಅಲುಗಲಿಲ್ಲ. "ಮುಹೂರ್ತಕ್ಕೆ ಸರಿಯಾಗಿ ತಾರೀಕು ಬದಲಾಯಿಸಿದ್ದು ಯಜ್ಞೇಶಣ್ಣ. ಸರ್ಟಿಫಿಕೇಟ್ ಮಾಡಿದ್ದು ನಾನು, ಊಟ ಮಾಡಿ ಬಂದ ಮೇಲೆ. ಮಧ್ಯ ಎಷ್ಟು ಹೊತ್ತು ಉಪ್ಪಿನಕಾಯಿ ತಿಂದ್ವೋ ಅಷ್ಟು ಹೊತ್ತು ಕಾಯ್ಬೇಕು," ಎನ್ನುತ್ತಾರೆ.

ಕಾದೆವು. ಮೊದಲ ಟ್ಯಾಬ್ ಹಿಡಿಯಿತು. ಅದನ್ನು ಹಿಡಿದವರು ತಲೆಯ ಮೇಲೆ ಎತ್ತಿ ತೋರಿಸಿದರು. ಭವ್ಯ ಕೂರಿಸಿದ ಕ್ರಮದಲ್ಲೇ ಎರಡನೆಯದು ಹಿಡಿಯಿತು, ಆಮೇಲೆ ಮೂರನೆಯದು. ತೂಕ ಶುರುವಾಯಿತು. ಆ ದಿನದ ಟೆಂಡರ್ ಊಟದ ಹೊತ್ತಿಗೆ ಮುಗಿದು ಹೋಯಿತು. ನಿರ್ದೇಶಕರಿಬ್ಬರು ಬರೆದಿಟ್ಟಿದ್ದ ವರ್ಗದ ಆದೇಶದ ಕಾಗದದಲ್ಲೇ ಬೋಂಡ ಕಟ್ಟಿಸಿಕೊಂಡು ಹೋದರು ಎಂದು ಯಜ್ಞೇಶ ಹೇಳುತ್ತಾರೆ. ನಾನು ನೋಡಿಲ್ಲ, ನಂಬಿದ್ದೇನೆ.

ಪರಮೇಶ್ವರಯ್ಯನವರು ಹೊರಡುವ ಮುನ್ನ ಭವ್ಯರನ್ನು ಕರೆದು, "ಗಿಡ್ಡಯ್ಯನ ಫೋನಿಗೂ ಒಂದು ಹಾಕು ಕೂಸೇ. ಬೇರೆಯವರಿಗೆ ಕೊಡೋಕ್ಕಂತೂ ಆಗೂದಿಲ್ಲವಲ್ಲ," ಎಂದರು.

ಕೊಡುವ ದಾರಿಯನ್ನು ಗಿಡ್ಡಯ್ಯ ಅರ್ಧ ದಿನದಲ್ಲಿ ಕಂಡುಹಿಡಿದರು. ಸಂಜೆ ನಾನು ಬಸ್ಸಿಗೆ ಕಾಯುವಾಗ ರಾಧಮ್ಮ ಗೇಟಿನ ಒಳಗೆ, ಬೆಂಚಿನ ಮೇಲೆ ಕುಳಿತು ಧಾರಾವಾಹಿ ನೋಡುತ್ತಿದ್ದರು. ಕೈಯಲ್ಲಿದ್ದದ್ದು ಗಿಡ್ಡಯ್ಯನ ಫೋನು. ಗಿಡ್ಡಯ್ಯ ರಾಧಮ್ಮನ ಬುಟ್ಟಿಯ ಮುಂದೆ ಕುಳಿತು ಹೂವು ಅಳೆದು ಕೊಡುತ್ತಿದ್ದರು. ಅವರ ಮೊಳ ಸ್ವಲ್ಪ ಉದ್ದ.

"ರಾಧಮ್ಮ, ನಿಮ್ಮ ವ್ಯಾಪಾರ ಮುಳುಗ್ತದೆ," ಎಂದೆ.

"ಮುಳುಗ್ಲಿ ಬಿಡಿ ಅಮ್ಮ, ಇವತ್ತು ಅತ್ತೆ ಸೊಸೆ ಮಾತಾಡ್ತಾರೆ."

ಭವ್ಯ ಇದನ್ನು ನೋಡಿ ಸ್ಕೂಟರಿನ ಮೇಲೆ ತಲೆಯಿಟ್ಟು ನಕ್ಕರು. "ಪಾಸ್‌ವರ್ಡ್ ಕೊಡೋದು ನಿಲ್ಲಿಸ್ಬೌದು, ಸರ್ಟಿಫಿಕೇಟ್ ಕೊಡದ ಹಾಗೆ ಮಾಡ್ಬೌದು. ಫೋನನ್ನೇ ಕೊಡೋರಿಗೆ ಮದ್ದು ಇನ್ನೂ ಯಾವ ಕಂಪನಿಯೂ ಕಂಡುಹಿಡಿದಿಲ್ಲ. ಇರ್ಲಿ, ಒಂದು ಫೋನಿಂದ ಟೆಂಡರ್ ಏನು ನಿಲ್ಲದಿಲ್ಲ."

ಇಷ್ಟೆಲ್ಲ ತಿರುಗಿ, ಹತ್ತಿ, ಇಳಿದು ಮಾಡುವ ಕೆಲಸದಲ್ಲಿ ನಿಮಗೆ ಹೆಮ್ಮೆ ಎನಿಸುವುದು ಯಾವುದು ಎಂದು ಅವರನ್ನು ಕೇಳಿದೆ. ಡಬ್ಬಿ, ಸರ್ವರ್ ಎಂದೇನಾದರೂ ಹೇಳಬಹುದು ಎಂದುಕೊಂಡಿದ್ದೆ. ಭವ್ಯ ಹೆಲ್ಮೆಟ್ಟಿನ ಪಟ್ಟಿ ಬಿಗಿದುಕೊಂಡರು.

"ಎಲ್ಲರ ಸರ್ಟಿಫಿಕೇಟಿಗೂ ಒಂದು ವರ್ಷ ಇಟ್ಟಿದೀನಿ ಅಮ್ಮ. ವರ್ಷ ವರ್ಷ ಹೊಸತು ಮಾಡ್ಬೇಕು, ಅದೇ ಕ್ರಮ. ಗಿಡ್ಡಯ್ಯಣ್ಣಂದಕ್ಕೆ ರಿಟೈರ್ ಆಗೋ ದಿನದವರೆಗೆ ಸಾಕು ಅಂತ ಯಜ್ಞೇಶಣ್ಣ ಹೇಳಿದ್ರು. ನಾನು ಹತ್ತು ವರ್ಷ ಹಾಕಿದೀನಿ." ಸ್ಕೂಟರ್ ಶುರು ಮಾಡಿದರು. "ರಿಟೈರ್ ಆದ ಮೇಲೂ ಅವರು ಈ ಜಗಲಿ ಬಿಟ್ಟು ಎಲ್ಲಿಗೆ ಹೋಗ್ತಾರೆ? ಬಂದು ಕೂತಾಗ ಡಬ್ಬಿ ಅವರನ್ನ ಯಾರು ಅಂತ ಕೇಳಬಾರ್ದು."